ಗೇಟಿನ ಬಳಿ ನಿಂತ ವ್ಯಾನು

ಮಂಗಳವಾರ ಬೆಳಿಗ್ಗೆ 11.20ಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಮನುಷ್ಯನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎರಡು ಗಂಟೆಯ ಹಿಂದೆ ಅವನ ತಾಯಿ ಆಸ್ಪತ್ರೆಯ ಹಳೇ ವ್ಯಾನಿನಲ್ಲಿ ಉಸಿರುಗಟ್ಟಿ ಸತ್ತಿದ್ದಳು. ರೈಲ್ವೆ ಗೇಟು ಹಾಕಿತ್ತೆಂದು ಡ್ರೈವರ್ ಎಂಜಿನ್ ಆರಿಸಿದ್ದ. ಗೇಟು ತೆರೆಯುವ ಹೊತ್ತಿಗೆ, ವ್ಯಾನಿನ ಬ್ಯಾಟರಿಯಿಂದ ನಡೆಯುತ್ತಿದ್ದ ಉಸಿರಾಟದ ಯಂತ್ರ ನಿಂತಿತ್ತು. ಗಾಡಿಯೂ ಚಾಲೂ ಆಗಲಿಲ್ಲ.

"ಎಂಟು ದಿನದ ಹಿಂದೆ ಹೊಸ ಬ್ಯಾಟರಿ ಹಾಕಿದ್ರಂತೆ. ಎಂಥಾ ಹೊಸದು ಸಾರ್? ಆ ಮೆಕ್ಯಾನಿಕ್ ಹಳೇದನ್ನೇ ತೊಳೆದು ಕೂರಿಸಿದಾನೆ. ಅವನನ್ನ ಬಿಡಬೇಡಿ!"

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದ. ಮಧ್ಯಾಹ್ನ ಒಂದಕ್ಕೆ ಮೆಕ್ಯಾನಿಕ್ ಠಾಣೆಯ ಬೆಂಚಿನ ಮೇಲಿದ್ದ. ಅಷ್ಟರಲ್ಲೇ ಜನ ಅವನ ಗ್ಯಾರೇಜಿನ ಬಾಗಿಲು ಮುರಿದಿದ್ದರು. "ನನ್ನ ಮಕ್ಕಳಾಣೆ ಸಾರ್, ಹೊಸದೇ ಹಾಕಿದ್ದು" ಎಂಬುದೊಂದೇ ಅವನ ಮಾತು. ಇನ್ಸ್‌ಪೆಕ್ಟರಿಗೆ ಒಂದು ಕೆಟ್ಟ ಚಾಳಿಯಿತ್ತು. ಊರೆಲ್ಲ ಸೇರಿ ಒಬ್ಬನತ್ತ ಬೆರಳು ತೋರಿಸಿದರೆ ಅವನಿಗೆ ಆ ಬೆರಳುಗಳ ಮೇಲೆಯೇ ಅನುಮಾನ. ಡ್ರೈವರನ್ನು ಕರೆಸಿದ.

"ಗೇಟಲ್ಲಿ ಎಷ್ಟು ಹೊತ್ತು ನಿಂತೆ?"

"ಇಪ್ಪತ್ತು ನಿಮಿಷ."

"ಆಮೇಲೆ?"

"ಜನ ತಳ್ಳಿದ್ರು. ಎಂಜಿನ್ ಹಿಡೀತು."

"ಯಂತ್ರ?"

"ಆಸ್ಪತ್ರೆ ಮುಟ್ಟೋವರೆಗೂ ಅದು ಜೀವ ಹಿಡೀಲಿಲ್ಲ ಸಾರ್." ಡ್ರೈವರ್ ಮುಖ ಮುಚ್ಚಿಕೊಂಡು ಬಿಕ್ಕಿದ.

ಅಳು ನಿಜವಾಗಿತ್ತು. ಆದರೆ ಆ ಉತ್ತರ ಇನ್ಸ್‌ಪೆಕ್ಟರನ ತಲೆ ಕೊರೆಯತೊಡಗಿತು. ಓಡುವ ಎಂಜಿನ್ನು ಯಂತ್ರಕ್ಕೆ ಚೂರಾದರೂ ಕರೆಂಟು ಕೊಡಬೇಕಿತ್ತಲ್ಲ?

ಬುಧವಾರ ಹತ್ತು ಗಂಟೆಗೆ ಠಾಣೆಯ ಅಂಗಳದಲ್ಲಿ ಇಬ್ಬರು ಪಂಚರ ಮುಂದೆ ವ್ಯಾನಿನ ಪಂಚನಾಮೆ ಶುರುವಾಯಿತು. ಪರಿಣತನಾಗಿ ಬಂದವನು ನಲವತ್ತು ವರ್ಷ ಗಾಡಿಗಳ ವೈರಿಂಗ್ ಮಾಡಿದ ಮುದುಕ. ಎಲ್ಲರ ಬಾಯಲ್ಲೂ ಅವನು ಕರೆಂಟಜ್ಜ. ಬ್ಯಾಟರಿ ಬಿಚ್ಚಿಸಿ, ಹೊರಗೆ ಚಾರ್ಜ್ ಮಾಡಿಸಿ, ಮತ್ತೆ ಕೂರಿಸಿ ಮೀಟರ್ ಹಿಡಿದ.

"ಹನ್ನೆರಡು ಪಾಯಿಂಟ್ ಆರು. ಬ್ಯಾಟರಿ ಗಟ್ಟಿಮುಟ್ಟಾಗಿದೆ. ಪಾಪ, ಆ ಮೆಕ್ಯಾನಿಕ್‌ನ ಸುಮ್ಮನೆ ಕೂರಿಸಿದೀರಿ."

ಎಂಜಿನ್ ಚಾಲೂ ಮಾಡಿದರು. ಮೀಟರಿನ ಅಂಕಿ ಹದಿನಾಲ್ಕರ ಹತ್ತಿರ ಏರಬೇಕಿತ್ತು. ಬದಲಿಗೆ ಇಳಿಯಿತು. ಅಜ್ಜ ಬೆಲ್ಟ್ ಒತ್ತಿ ನೋಡಿದ, ಬಿಗಿಯಾಗಿತ್ತು. ಎಂಜಿನ್ ಆರಿಸಿ ಬರೀ ಕೀಲಿ ತಿರುಗಿಸಿದ. ಬೋರ್ಡಿನಲ್ಲಿ ಹತ್ತಬೇಕಾದ ಬ್ಯಾಟರಿಯ ಕೆಂಪು ದೀಪ ಹತ್ತಲಿಲ್ಲ.

"ಸ್ಕ್ರೂ ನೋಡಿ, ಹೊಸ ಗೀರು" ಎಂದ ಕಾನ್‌ಸ್ಟೇಬಲ್.

ಬೋರ್ಡು ಬಿಚ್ಚಿದರೆ ಬಲ್ಬಿನ ಜಾಗ ಖಾಲಿ.

"ಆ ಕಾಲದ ಗಾಡಿ ಇದು" ಎಂದ ಅಜ್ಜ. "ಬ್ಯಾಟರಿಗೆ ಕರೆಂಟು ತುಂಬೋ ಇದರ ಆಲ್ಟರ್ನೇಟರ್ ತಾನಾಗಿ ಏಳಲ್ಲ. ಈ ಬಲ್ಬಿನ ಮೂಲಕ ಹೋಗೋ ಚೂರು ಕರೆಂಟೇ ಅದನ್ನ ಎಬ್ಬಿಸಬೇಕು. ಬಲ್ಬಿಲ್ಲಾಂದ್ರೆ ಸುಮ್ಮನೆ ತಿರುಗುತ್ತೆ, ಚಾರ್ಜ್ ಆಗಲ್ಲ. ಎರಡು ದಿನ ಓಡಿಸಿದ್ರೆ ಹೊಸ ಬ್ಯಾಟರಿಯೂ ಖಾಲಿ." ಜೇಬಿನಿಂದ ಒಂದು ಬಲ್ಬು ತೆಗೆದು ಹಾಕಿದ. ಎಂಜಿನ್ ಓಡಿತು. ದೀಪ ಪೂರ್ತಿ ಆರದೆ ಸಣ್ಣಗೆ ಮಿನುಗುತ್ತಿದ್ದರೂ ಮೀಟರ್ ಹದಿಮೂರು ಪಾಯಿಂಟ್ ಎಂಟು ತೋರಿಸಿತು. "ಒಳಗೆ ಬ್ರಷ್ ಸವೆದಿದೆ, ಅದಕ್ಕೇ ಮಿನುಗ್ತಿದೆ. ಅರ್ಧ ಗಂಟೆ ಕೆಲಸ."

ಆ ಹೆಂಗಸು ಸತ್ತಿದ್ದು ಉಗುರಿನಷ್ಟು ಗಾಜಿಗೆ. ವ್ಯಾನಿನ ಕೀಲಿ ಇರುತ್ತಿದ್ದುದು ಡ್ರೈವರನ ಬಳಿ ಮಾತ್ರ. ಮೆಕ್ಯಾನಿಕ್‌ನನ್ನು ಆಗಲೇ ಮನೆಗೆ ಕಳುಹಿಸಿದರು.

ಗುರುವಾರ 9.30ಕ್ಕೆ ಡ್ರೈವರನ ಮನೆಯ ಹೊಸ್ತಿಲ ಮೇಲೆ ಹತ್ತೊಂಬತ್ತರ ಹುಡುಗಿಯೊಬ್ಬಳು ಗೋಡೆಗೊರಗಿ ಕೂತಿದ್ದಳು. ಮುಖ, ಪಾದ ಊದಿದ್ದವು. ಅವಳು ಡ್ರೈವರನ ಮಗಳು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಅದೇ ವ್ಯಾನಿನಲ್ಲಿ ಹೋಗಿ ಬರುತ್ತಿದ್ದಳು. ವ್ಯಾನು ಠಾಣೆಯಲ್ಲಿದ್ದುದರಿಂದ ನಿನ್ನೆಯದು ತಪ್ಪಿತ್ತು. ಅಪ್ಪ ಬೆಳಗಿನಿಂದ ಗಾಡಿಗಾಗಿ ಮನೆಮನೆ ಅಲೆದು ಬರಿಗೈಲಿ ಆಗಷ್ಟೇ ಬಂದಿದ್ದ.

ಇನ್ಸ್‌ಪೆಕ್ಟರ್ ಅವನನ್ನು ಹಿತ್ತಿಲಿಗೆ ಕರೆದೊಯ್ದ.

"ಬಲ್ಬು ಯಾವಾಗ ತೆಗೆದೆ?"

ಡ್ರೈವರ್ ಹೊಸ್ತಿಲತ್ತ ನೋಡಿ ದನಿ ತಗ್ಗಿಸಿದ. "ಭಾನುವಾರ. ಸೋಮವಾರ ತಪಾಸಣೆ ಇತ್ತು ಸಾರ್. ಕೆಂಪು ದೀಪ ಮಿನುಗ್ತಿದ್ರೆ ಗಾಡೀನ ಗುಜರಿಗೆ ಹಾಕ್ತಾರೆ. ಹೋದ ತಿಂಗಳು ಎರಡು ಹಾಕಿದ್ರು, ಬದಲಿ ಬರಲೇ ಇಲ್ಲ. ಇದೂ ಹೋದ್ರೆ ಇವಳು... ದೀಪ ತೆಗೆದ್ರೆ ದೀಪ ಮಾತ್ರ ಹೋಗುತ್ತೆ ಅಂದ್ಕೊಂಡೆ. ಆ ತಾಯಿ ನನ್ನ ಕಣ್ಣೆದುರೇ..."

9.50ಕ್ಕೆ ಬಂಧನ. ಜೀಪು ಠಾಣೆಗೆ ಹೋಗಲಿಲ್ಲ, ದೊಡ್ಡಾಸ್ಪತ್ರೆಯ ದಾರಿ ಹಿಡಿಯಿತು. ಮಗಳು ಮುಂದಿನ ಸೀಟಿನಲ್ಲಿ, ಅಪ್ಪ ಹಿಂದೆ, ಬೇಡಿಯ ಮೇಲೆ ಟವಲು.

ಇಳಿಯುವಾಗ ಅವಳು ಕೇಳಿದಳು, "ಅಪ್ಪಾ, ವಾಪಸ್ ಕರ್ಕೊಂಡು ಹೋಗೋಕೆ ನೀನೇ ಬರ್ತೀಯ ತಾನೆ?"

"ನಾನು ಬರ್ತೀನಮ್ಮ" ಎಂದ ಕಾನ್‌ಸ್ಟೇಬಲ್.

"ಮತ್ತೆ ಮುಂದಿನ ಸಲ?"

ಕಾನ್‌ಸ್ಟೇಬಲ್ ಅವಳ ತೋಳು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ.

ಸಂಜೆ ಆರಕ್ಕೆ ಇನ್ಸ್‌ಪೆಕ್ಟರ್ ವರದಿ ಮುಗಿಸಿದ. ಆರೋಪಿಯ ಉದ್ದೇಶ ಎಂಬಲ್ಲಿ ಒಂದೇ ಸಾಲು ಬರೆದ: ಮಗಳನ್ನು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಮುಟ್ಟಿಸುವುದು.