ಮೂಗು, ಆಮೇಲೆ ಕ್ಯಾಪ್

“ನಮಕ್‌ಹರಾಮ್,” ಎಂದರು ಜಲಜಾಕ್ಷಿ ಆಂಟಿ, ಡ್ಯಾರಲ್ ಮೈದಾನಕ್ಕೆ ಕಾಲಿಟ್ಟ ಕೂಡಲೇ. ಬೊಬ್ಬೆ ಹಾಕಲಿಲ್ಲ, ಜಪ ಮಾಡುವ ಹಾಗೆ ಹೇಳಿದರು. ಬೊಬ್ಬೆ ಹಾಕಲು ಅವರ ಹಿಂದೆ ಗಲ್ಫಿನ ಈ ಮುಸಫ್ಫಾದಲ್ಲಿರುವ ನಮ್ಮ ಕರಾವಳಿಯವರೆಲ್ಲ ಕೂತಿದ್ದರು.

ಹಾಕದೆ ಬಿಡುತ್ತಾರೆಯೇ? ಊರಿಗೆ ಮರಳಿದ ಅಮೆರಿಕನ್ ಸಾಹೇಬನೊಬ್ಬ ಬಿಟ್ಟುಹೋದ ಬ್ಯಾಟು, ಗ್ಲೌಸುಗಳಿಂದ ಹುಟ್ಟಿದ ಬೇಸ್‌ಬಾಲ್ ಟೀಮು ‘ಕರಾವಳಿ ಕಿಂಗ್ಸ್’. ಕಂಡಕಂಡವರ ಕೈಯಲ್ಲಿ ಸೋತು ನಗೆಪಾಟಲಾಗಿದ್ದ ಅದಕ್ಕೆ ಸತತ ಎರಡು ವರ್ಷ ಕಪ್ ತಂದುಕೊಟ್ಟ ಮ್ಯಾನೇಜರ್ ಈ ಡ್ಯಾರಲ್. ಅಂಥವನು ವಾಟ್ಸ್ಯಾಪಿನಲ್ಲಿ ಒಂದು ಮೆಸೇಜ್ ಹಾಕಿ, ಕಾರಣವನ್ನೂ ಹೇಳದೆ ಪಕ್ಕದ ನಗರದಲ್ಲಿರುವ ದೇರಾದ ಟೀಮಿಗೆ ಹೋಗಿಬಿಟ್ಟ. ಗ್ರೂಪಿನಲ್ಲಿ ಬೈಗುಳದ ಸುರಿಮಳೆ. ಅವನ ಫೋಟೋ ಇದ್ದ ಬ್ಯಾನರನ್ನು ಮಮ್ಮು ತನ್ನ ಗ್ಯಾರೇಜಿನಲ್ಲಿ ಎಣ್ಣೆ ಸೋರುವ ಲಾರಿಯ ಅಡಿಗೆ ಹಾಸಿಕೊಂಡ.

ಲವಿಟಾ ಬೈಯಲಿಲ್ಲ. ಕ್ಲಬ್ಬಿನ ಅಧ್ಯಕ್ಷ ಆನ್ಸೆಲ್ಮರ ಮಗಳು ಅವಳು. ಸ್ಕೋರ್ ಬರೆಯುತ್ತ ಎರಡು ವರ್ಷ ಡ್ಯಾರಲ್ ಪಕ್ಕದಲ್ಲೇ ಕೂತವಳು. ಅವನ ಕೈಸನ್ನೆಗಳೆಲ್ಲ ಅವಳಿಗೆ ಬಾಯಿಪಾಠ. ಅವನು ಮೂಗು ಮುಟ್ಟಿ ಆಮೇಲೆ ಕ್ಯಾಪ್ ಮುಟ್ಟಿದನೆಂದರೆ, ಬ್ಯಾಟಿಗೆ ಚೆಂಡು ತಾಗುವ ಮೊದಲೇ ಓಟಗಾರ ಕದ್ದು ಮುಂದಿನ ಬೇಸಿಗೆ ಓಡಬೇಕು. ಅವಳ ಕಡೆ ತಿರುಗಿ ಒಂದೇ ಹುಬ್ಬು ಏರಿಸಿದರೆ ಮಾತ್ರ ಅದು ಟೀಮಿಗಲ್ಲ. ಅಷ್ಟು ಹುಬ್ಬು ಏರಿಸಿದವನು ಹೋಗುವಾಗ ಅವಳಿಗೊಂದು ಮಾತು ಹೇಳಲಿಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದುದು ಕಪ್ಪಿಗಾಗಿ ಅಲ್ಲ.

ಆ ದಿನ ಫೈನಲ್‌ನಲ್ಲಿ ಎದುರಾದದ್ದೂ ದೇರಾದವರೇ. ಅವರ ಓಟಗಾರ ಮೊದಲ ಬೇಸಿನಲ್ಲಿ ನಿಂತಿದ್ದ. ಡ್ಯಾರಲ್ ಮೂಗು ಮುಟ್ಟಿದ, ಕ್ಯಾಪ್ ಮುಟ್ಟಿದ. ಚೆಂಡಿನ ಮೇಲೆ ಕಣ್ಣಿಟ್ಟಿದ್ದ ನಮ್ಮ ಹುಡುಗರಿಗೆ ಅದು ಕಾಣುವಂತಿರಲಿಲ್ಲ.

“ಓಡ್ತಾನೆ, ನೋಡಿ,” ಎಂದು ಲವಿಟಾ ಕೂಗಿದಳು. ಓಡಿದವನು ಔಟಾದ. ಇನ್ನೊಬ್ಬನೂ ಹಾಗೆಯೇ ಔಟಾದ. “ಭೇಷ್ ಮಾರಾಯ್ತಿ,” ಎಂದು ಮಮ್ಮು ಡ್ರಮ್ ಬಾರಿಸಿದ. ಡ್ಯಾರಲ್ ತಿರುಗಿ ನೋಡಿದ. ಅವಳು ಗಲ್ಲ ಎತ್ತಿ ಕೂತಳು. ಖುಷಿ ಮಾತ್ರ ಆಗಲಿಲ್ಲ.

ಬ್ರೇಕಿನಲ್ಲಿ ನೀರಿನ ಕೂಲರ್ ಹತ್ತಿರ ಅವನೊಬ್ಬನೇ ಸಿಕ್ಕಿದ.

“ಸಿಗ್ನಲ್ ಬದಲಾಯಿಸ್ಲಿಕ್ಕೆ ನಿಂಗೆಂತ ಧಾಡಿ?”

“ಹೊಸ ಹುಡುಗರು, ಇನ್ನೊಂದು ಕಲಿಸ್ಲಿಕ್ಕೆ ಟೈಮ್ ಇರ್ಲಿಲ್ಲ. ಮತ್ತೆ, ನೀನು ಹೇಳಿಕೊಡ್ಲಿಕ್ಕಿಲ್ಲ ಅಂದ್ಕೊಂಡಿದ್ದೆ.”

“ಯಾಕೆ ಹೇಳ್ಬಾರ್ದು? ನೀನು ನನ್ನತ್ರ ಹೇಳಿ ಹೋದದ್ದಾ?”

ಅವನು ಕ್ಯಾಪ್ ತೆಗೆದು ಕೈಯಲ್ಲಿ ತಿರುಗಿಸಿದ.

“ಕ್ರಿಸ್ಮಸ್ ಪಾರ್ಟಿಯಲ್ಲಿ ನಿನ್ನ ಡ್ಯಾಡಿ ಮೈಕ್ ಹಿಡಿದು ಹೇಳಿದ್ದು ನೆನಪುಂಟಾ? ಟೀಮಿನವರಿಗೆ ಮಗಳನ್ನು ಕೊಡುದಿಲ್ಲ, ಕೊಟ್ರೆ ಅಳಿಯನನ್ನೇ ಮ್ಯಾನೇಜರ್ ಮಾಡಿದ್ದು ಅಂತ ಜನ ಆಡಿಕೊಳ್ತಾರೆ ಅಂತ.”

“ನೆನಪುಂಟು. ಅದಕ್ಕೆ?”

“ಅದಕ್ಕೇ ಬಿಟ್ಟದ್ದು. ಫೈನಲ್ ಮುಗಿಸಿ ಡ್ಯಾಡಿ ಹತ್ರ ನಿನ್ನನ್ನು ಕೇಳ್ಲಿಕ್ಕೆ ಬರ್ಬೇಕು ಅಂತ ಇದ್ದೆ. ಮೊದಲೇ ಹೇಳಿದ್ರೆ ನೀನು ಟೀಮ್ ಬಿಡ್ಲಿಕ್ಕೆ ಬಿಡ್ತಿದ್ಯಾ?”

“ಬಿಟ್ಟು ಸುಮ್ಮನೆ ರೂಮಲ್ಲಿ ಕೂರ್ಬೇಕಿತ್ತು. ದೇರಾಕ್ಕೆ ಯಾಕೆ?”

“ರೂಮಲ್ಲಿ ಕೂತ್ರೆ ಮೈದಾನದಲ್ಲಿ ನಿನ್ನನ್ನು ನೋಡುದು ಹೇಗೆ?”

“ನಿನ್ನ ಮಂಡೆ ಸಮ ಇಲ್ಲ,” ಎಂದಳು ಲವಿಟಾ. ಅಳು ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡು ತಿರುಗಿ ನಡೆದಳು.

ಕೊನೆಯ ಸರದಿ. ಸ್ಕೋರ್ ಸಮ. ದೇರಾದವನು ಮೂರನೇ ಬೇಸಿನಲ್ಲಿದ್ದ; ಅಲ್ಲಿಂದ ಬಂದು ಹೋಮ್ ಪ್ಲೇಟ್ ಮುಟ್ಟಿದರೆ ಆಟ ಖಲಾಸ್. ಡ್ಯಾರಲ್ ಒಮ್ಮೆ ಅವಳನ್ನು ನೋಡಿದ. ಮೂಗು ಮುಟ್ಟಿದ. ಕ್ಯಾಪ್ ಮುಟ್ಟಿದ.

“ಎಂತ ಅದು? ಬೇಗ ಹೇಳು ಮಾರಾಯ್ತಿ,” ಎಂದು ಜಲಜಾಕ್ಷಿ ಆಂಟಿ ಅವಳ ತೋಳು ಹಿಡಿದು ಅಲುಗಾಡಿಸಿದರು.

ಒಂದು ಮಾತು ಹೇಳಿದರೆ ಕಪ್ ಉಳಿಯುತ್ತಿತ್ತು. ಆದರೆ ಪಕ್ಕದಲ್ಲಿ ಕೂರಿಸಿಕೊಂಡು, ನಂಬಿ ಕಲಿಸಿದ್ದನ್ನು ಬೀದಿಗೆ ಹಾಕಲು ಈಗ ಅವಳಿಗೆ ಮನಸ್ಸಾಗಲಿಲ್ಲ.

“ನಾನು ಹೇಳುದಿಲ್ಲ ಆಂಟಿ.”

ಓಟಗಾರ ಧೂಳೆಬ್ಬಿಸಿಕೊಂಡು ಬಂದು ಹೋಮ್ ಪ್ಲೇಟಿನ ಮೇಲೆ ಬಿದ್ದ. ಕಪ್ ದೇರಾಕ್ಕೆ ಹೋಯಿತು.

ಆಮೇಲೆ ಡ್ಯಾರಲ್‌ನನ್ನು ಯಾರೂ ಬೈಯಲಿಲ್ಲ, ಬೈದದ್ದೆಲ್ಲ ಅವಳನ್ನೇ. “ಅಪ್ಪನ ಟೀಮನ್ನೇ ಮುಳುಗಿಸಿದ್ಳು.” “ಇವಳೂ ಅವನ ಹಿಂದೆಯೇ ಹೋಗ್ಲಿ.” ಖಾಲಿ ಬಾಟಲಿಯೊಂದು ಕಾಲ ಬಳಿ ಬಂದು ಬಿತ್ತು. ಎಸೆದವನು ಮಮ್ಮು. ಅವಳು ತಲೆ ತಗ್ಗಿಸಲಿಲ್ಲ.

ಮನೆಗೆ ಹೋಗುವಾಗ ಕಾರು ಓಡಿಸಿದ್ದು ಆನ್ಸೆಲ್ಮ್. ಸಿಗ್ನಲ್‌ಗಳು ದಾಟಿದವು, ವರ್ಕ್‌ಶಾಪ್‌ಗಳು ದಾಟಿದವು.

“ಬೈಯಿರಿ ಡ್ಯಾಡಿ,” ಎಂದಳು.

“ಮೂಗು, ಆಮೇಲೆ ಕ್ಯಾಪ್,” ಎಂದರು ಅವರು. “ಅದೇ ಬೆಂಚಿನಲ್ಲಿ ನಾನೂ ಕೂತವ. ನನಗೆ ಗೊತ್ತಿಲ್ಲ ಅಂತ ಗ್ರಹಿಸಿದ್ಯಾ?”

ಲವಿಟಾ ಅವರ ಕಡೆ ತಿರುಗಿದಳು. “ಮತ್ತೆ ನೀವು ಯಾಕೆ ಕೂಗ್ಲಿಲ್ಲ?”

“ಕೂಗ್ಲಿಕ್ಕೆ ಎದ್ದಿದ್ದೆ. ನಿನ್ನ ಮುಖ ನೋಡಿ ಕೂತೆ.” ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಹೇಗೂ ಈಗ ಅವ ನಮ್ಮ ಟೀಮಿನವ ಅಲ್ಲವಲ್ಲ. ಬರುವ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಊಟಕ್ಕೆ ಬರ್ಲಿಕ್ಕೆ ಹೇಳು. ಆದ್ರೆ ಆ ದೇರಾದ ಶರ್ಟ್ ಹಾಕ್ಕೊಂಡು ಬಂದ್ರೆ ನಾನು ಬಾಗಿಲು ತೆಗೆಯುದಿಲ್ಲ.”