ಹಳೇ ಡಿಸ್ಕಿಗೂ ಕುಂಕುಮ

“ಆಂಟಿ, ಅದ್ಯಾಕೆ ಹಂಗೆ ಹಲ್ಲು ಕಡೀತೈತೆ?”

ನಯನಾ ಕಂಪ್ಯೂಟರ್ ಡಬ್ಬಕ್ಕೆ ಕಿವಿ ಹಚ್ಚಿ ಕೂತಿದ್ದಳು. ಒಳಗಿನಿಂದ ಟಿಕ್... ಟಿಕ್... ಕರ್ರ್ ಎಂದು ಸದ್ದು ಬರುತ್ತಿತ್ತು. ಕಂಪ್ಯೂಟರ್ ರಿಪೇರಿ ಮಾಡುವ ಮಜೀದಾ ಆಂಟಿ ತಟ್ಟನೆ ಸ್ವಿಚ್ ಆಫ್ ಮಾಡಿದರು.

“ಹಾರ್ಡ್ ಡಿಸ್ಕ್ ಕಣಮ್ಮ. ಅದಕ್ಕೆ ವಯಸ್ಸಾಯ್ತು. ಇನ್ನೊಂದ್ಸಲ ಓಡ್ಬೋದು, ಎರಡ್ಸಲ ಓಡ್ಬೋದು. ಆಮೇಲೆ ಗ್ಯಾರಂಟಿ ಇಲ್ಲ.”

ಅಮ್ಮ ಗೋಡೆಗೆ ಒರಗಿ ನಿಂತಳು. ಮುಖ ಸಪ್ಪಗಾಗಿತ್ತು. ಆಗದೆ ಇನ್ನೇನು! ಕನಕಪುರದ ಆ ಪುಟ್ಟ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮನ ಎಂಬ್ರಾಯ್ಡರಿ ಮಷಿನ್ ಇದೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಅದು ಬ್ಲೌಸಿನ ಮೇಲೆ ಟಕಟಕ ಹೊಲಿದುಬಿಡುತ್ತದೆ. ಗಿಳಿ, ನವಿಲು, ಮಾವಿನಕಾಯಿ, ಅಜ್ಜಿ ಬಾಗಿಲಿಗೆ ಹಾಕುವ ಎಳೆ ರಂಗೋಲಿ... ಒಟ್ಟು ಮುನ್ನೂರ ಹನ್ನೆರಡು ಡಿಸೈನ್. ಆರು ವರ್ಷ ಮೌಸ್ ಹಿಡಿದು ಹಿಡಿದು ಅಮ್ಮನೇ ಬರೆದದ್ದು. ಅವೆಲ್ಲ ಇದ್ದದ್ದು ಹಲ್ಲು ಕಡಿಯುವ ಈ ಒಂದೇ ಡಿಸ್ಕಿನಲ್ಲಿ.

“ಬೇರೆ ಕಡೆ ಕಾಪಿ ಇಟ್ಟಿಲ್ವಾ ಶ್ವೇತಾ?” ಆಂಟಿ ಕೇಳಿದರು.

“ನಾಳೆ ಇಟ್ರಾಯ್ತು ಅಂತ...”

“ಎಲ್ರೂ ಇದನ್ನೇ ಹೇಳ್ತಾರೆ. ಆ ನಾಳೆಯಿಂದ್ಲೇ ನನ್ನ ಅಂಗಡಿ ನಡೀತಿರೋದು!”

ಆಂಟಿ ಸ್ಕ್ರೂ ಬಿಚ್ಚಿ ಹಳೇ ಡಿಸ್ಕನ್ನು ಹೊರಗೆ ತೆಗೆದರು. ತಂದಿದ್ದ ಡಬ್ಬದಿಂದ ಹೊಸ ಡಿಸ್ಕನ್ನೂ ತೆಗೆದು ಪಕ್ಕದಲ್ಲಿಟ್ಟರು. ಒಂದೇ ಕಂಪನಿ, ಒಂದೇ ಅಳತೆ. ನೋಡಿದರೆ ಅವಳಿ ಮಕ್ಕಳು.

ಅಷ್ಟರಲ್ಲಿ ಒಳಗಿನಿಂದ ಕಾವೇರಮ್ಮಜ್ಜಿ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಂದೇಬಿಟ್ಟಳು. ಈ ಅಜ್ಜಿಯ ಕಣ್ಣಿಗೆ ಹೊಸ ಸಾಮಾನು ಬಿದ್ದರೆ ಮುಗಿಯಿತು. ಹೋದ ವರ್ಷ ಫ್ರಿಜ್ಜಿಗೆ ಇಟ್ಟ ಕುಂಕುಮ ಇನ್ನೂ ಹೋಗಿಲ್ಲ.

“ಒಸಿ ತಡಿಯವ್ವ, ಹೊಸದು ಬರೀ ಹಣೇಲಿ ಇರಬಾರ್ದು” ಎನ್ನುತ್ತ ಅಜ್ಜಿ ಹೊಸ ಡಿಸ್ಕಿಗೆ ಮೊದಲು ಅರಿಸಿನ, ಅದರ ಮೇಲೆ ಕುಂಕುಮ ಇಟ್ಟಳು.

ಆಂಟಿ ನಕ್ಕರು. “ಒಳ್ಳೇದೇ ಆಯ್ತು ಬುಡಿ ಅಜ್ಜಿ. ಕುಂಕುಮ ಇರೋದು ಹೊಸದು, ಇಲ್ದಿರೋದು ಹಳೇದು. ಗುರುತಿಗಾಯ್ತು.”

ಆಮೇಲೆ ಅವರು ಬ್ಯಾಗಿನಿಂದ ಒಂದು ಕಪ್ಪು ಸ್ಟ್ಯಾಂಡ್ ತೆಗೆದರು. ಅದಕ್ಕೆ ಎರಡು ಬಾಯಿ.

“ಮುಂದಿನ ಬಾಯಿಗೆ ಹಳೇದು, ಹಿಂದಿನ ಬಾಯಿಗೆ ಹೊಸದು. ಬಟನ್ ಒತ್ತಿದ್ರೆ ಮುಂದಿನದ್ರಲ್ಲಿ ಇರೋದೆಲ್ಲ ಹಿಂದಿನದಕ್ಕೆ ಹೋಗ್ತೈತೆ. ಕ್ಲೋನ್ ಅಂತಾರೆ.”

“ಅದಲು ಬದಲಾದ್ರೆ?” ನಯನಾಗೆ ಕೇಳದಿದ್ದರೆ ತಿಂದ ಅನ್ನ ಅರಗದು.

“ಆದ್ರೆ ಕತೆ ಮುಗೀತು. ಹೊಸದ್ರಲ್ಲಿ ಏನೂ ಇಲ್ವಲ್ಲ, ಆ ಖಾಲೀನೇ ಕಾಪಿ ಆಗ್ತೈತೆ. ಹಳೇದ್ರಲ್ಲಿ ಇರೋದೆಲ್ಲ ಅಳಿಸಿಹೋಗ್ತೈತೆ.”

“ಖಾಲೀನೂ ಕಾಪಿ ಆಗುತ್ತಾ!”

“ಹ್ಞೂ ಮತ್ತೆ. ಮಷಿನ್ನಿಗೇನು ಕಣ್ಣಾ?”

ನಯನಾಗೆ ತಲೆ ಗಿರ್ರೆಂದಿತು. ಏನೂ ಇಲ್ಲದ್ದನ್ನು ಕಾಪಿ ಮಾಡುವುದು ಹೇಗೆ? ಆಂಟಿ ವೈರ್ ತರಲು ಸ್ಕೂಟರ್ ಹತ್ತಿರ ಹೋದರು. “ಏನೂ ಮುಟ್ಟಬ್ಯಾಡ ಕಣೇ” ಎಂದು ಅಮ್ಮ ಟೀ ಇಡಲು ಒಳಗೆ ಹೋದಳು. ಅಜ್ಜಿ ಹಿಂದೆಯೇ ಹೋದಳು. ಬಟ್ಟಲು ಮಾತ್ರ ಮೇಜಿನ ಮೇಲೇ ಇತ್ತು.

ನಯನಾ ಹಳೇ ಡಿಸ್ಕನ್ನೇ ನೋಡಿದಳು. ಪಾಪ ಅನ್ನಿಸಿತು. ಆರು ವರ್ಷ ದುಡಿದದ್ದು ಇದು, ಕುಂಕುಮ ನಿನ್ನೆ ಮೊನ್ನೆ ಬಂದದ್ದಕ್ಕೆ. ಯಾವೂರ ನ್ಯಾಯ? ಕಿರುಬೆರಳಿನಿಂದ ಒಂದು ಬೊಟ್ಟು ಕುಂಕುಮ ತೆಗೆದು ಅದಕ್ಕೂ ಇಟ್ಟಳು. ಮುಟ್ಟಲಿಲ್ಲ, ಬೆರಳ ತುದಿ ತಾಗಿಸಿದಳು, ಅಷ್ಟೆ.

ಆಂಟಿ ಫೋನಿನಲ್ಲಿ ಯಾರನ್ನೋ ಗದರುತ್ತ ಒಳಗೆ ಬಂದರು. ಕೈಗೆ ಹತ್ತಿರವಿದ್ದ ಡಿಸ್ಕನ್ನು ಎತ್ತಿಕೊಂಡರು. ಕುಂಕುಮ ಕಂಡಿತು. ಅದನ್ನು ಹಿಂದಿನ ಬಾಯಿಗೆ ಇಟ್ಟರು. ಇನ್ನೊಂದನ್ನು ನೋಡದೆಯೇ ಮುಂದಿನ ಬಾಯಿಗೆ ತೂರಿಸಿದರು. ಅಮ್ಮ ಟೀ ಲೋಟ ಹಿಡಿದು ಬಂದು ಪಕ್ಕದಲ್ಲಿ ನಿಂತಳು.

ನಯನಾ ಬಗ್ಗಿ ನೋಡಿದಳು. ಹಿಂದಿನ ಬಾಯಿಯ ಡಿಸ್ಕಿನಲ್ಲಿ ಬರೀ ಕುಂಕುಮ. ಅರಿಸಿನ ಇಲ್ಲ! ಹೇಳಿದರೆ ಅಮ್ಮ ಬಯ್ಯುವುದು ಗ್ಯಾರಂಟಿ. ಹೇಳದಿದ್ದರೆ... ಗಿಳಿ, ನವಿಲು, ಎಳೆ ರಂಗೋಲಿ, ಎಲ್ಲದರ ಮೇಲೂ ಖಾಲಿ.

ಆಂಟಿಯ ಬೆರಳು ಬಟನ್ ಮೇಲಿತ್ತು.

“ಆಂಟಿ, ಒತ್ಬೇಡಿ!”

ಅಮ್ಮನ ಕೈಯಲ್ಲಿದ್ದ ಟೀ ತುಳುಕಿತು.

“ಹಿಂದೆ ಇರೋದು ಹಳೇದು. ನಾನು... ನಾನು ಅದಕ್ಕೂ ಕುಂಕುಮ ಇಟ್ಬುಟ್ಟೆ. ಅಜ್ಜಿ ಇಟ್ಟಿದ್ರಲ್ಲಿ ಅರಿಸಿನಾನೂ ಐತೆ ನೋಡಿ.”

ಆಂಟಿ ಫೋನ್ ಕಟ್ ಮಾಡಿದರು. ಎರಡನ್ನೂ ಹೊರಗೆಳೆದು, ಹೊಸ ಡಿಸ್ಕಿನ ಡಬ್ಬದ ಮೇಲಿದ್ದ ನಂಬರಿಗೆ ಒಂದೊಂದನ್ನೂ ಹೋಲಿಸಿ ನೋಡಿದರು. ಹಣೆಯ ಬೆವರು ಒರೆಸಿಕೊಂಡರು.

“ಹೌದು ಕಣಮ್ಮ. ನೀನು ಹೇಳ್ದಿದ್ರೆ ಇವತ್ತು ಕೆಲ್ಸ ಕೆಟ್ಟಿತ್ತು. ತಪ್ಪು ನಂದೂ ಐತೆ, ನಂಬರ್ ನೋಡೇ ಹಾಕ್ಬೇಕಿತ್ತು.”

ಅಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು. ಬಯ್ಯಲಿಲ್ಲ. ನಯನಾಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಕೈ ಗಟ್ಟಿಯಾಗಿ ಹಿಡಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನಯನಾಗೆ.

ಆಂಟಿ ಎರಡನ್ನೂ ಸರಿಯಾದ ಬಾಯಿಗೆ ಹಾಕಿ ಬಟನ್ ಒತ್ತಿದರು. ಕಾಪಿ ಎಷ್ಟಾಯಿತೆಂದು ತೋರಿಸುವ ಸ್ಟ್ಯಾಂಡಿನ ನಾಲ್ಕು ದೀಪಗಳು ಒಂದೊಂದಾಗಿ ಹತ್ತುವಷ್ಟರಲ್ಲಿ ಸಂಜೆಯಾಯಿತು. ಹೊಸ ಡಿಸ್ಕ್ ಹಾಕಿ ಕಂಪ್ಯೂಟರ್ ಆನ್ ಮಾಡಿದರೆ ಹಲ್ಲು ಕಡಿಯುವ ಸದ್ದೇ ಇಲ್ಲ. ಅಮ್ಮ ಡಿಸೈನ್ ಎಣಿಸಿದಳು, ಮುನ್ನೂರ ಹನ್ನೆರಡೂ ಇದ್ದವು. ಮಷಿನ್ ಟಕಟಕ ಎಂದು ಎಳೆ ರಂಗೋಲಿ ಹೊಲಿಯತೊಡಗಿತು.

“ಹಳೇದನ್ನ ಎಸೀಬ್ಯಾಡಿ, ಜ್ವಾಪಾನವಾಗಿ ಎತ್ತಿಡಿ” ಎಂದು ಹೇಳಿ ಆಂಟಿ ಹೊರಟರು.

“ಅಲ್ಲ ಮಗಾ, ಹಳೇದಕ್ಕೆ ಯಾಕೆ ಕುಂಕುಮ ಇಟ್ಟೆ?” ಅಜ್ಜಿ ಕೇಳಿದಳು.

“ಆರು ವರ್ಷ ಕೆಲ್ಸ ಮಾಡೈತಲ್ಲಜ್ಜಿ. ಅದಕ್ಕೆ ಬ್ಯಾಜಾರಾಗಲ್ವಾ?”

ಅಜ್ಜಿ ಬೊಚ್ಚು ಬಾಯಿ ತುಂಬ ನಕ್ಕಳು. “ಇಟ್ಟಿದ್ದು ಸರಿಯಾಗೈತೆ. ಆದ್ರೆ ಅರಿಸಿನ ಇಲ್ದೆ ಬರೀ ಕುಂಕುಮ ಇಡ್ತಾರೇನೇ? ಕೊಡು ಇಲ್ಲಿ.”

ಅಜ್ಜಿಯ ಬೆರಳು ಅರಿಸಿನಕ್ಕೆ ಹೋಯಿತು.

“ಅಜ್ಜಿ, ತಡಿ ತಡಿ!”

ನಯನಾ ಸ್ಕೂಲ್ ಬ್ಯಾಗಿಗೆ ಓಡಿದಳು. ನೋಟ್‌ಬುಕ್ಕಿನ ಲೇಬಲ್ ಒಂದನ್ನು ತಂದು, ದಪ್ಪ ಅಕ್ಷರದಲ್ಲಿ ‘ಹಳೇದು’ ಎಂದು ಬರೆದು ಡಿಸ್ಕಿಗೆ ಅಂಟಿಸಿದಳು. ನಾಲ್ಕೂ ಮೂಲೆ ಒತ್ತಿ ಒತ್ತಿ ನೋಡಿದಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ಚಾಚಿದಳು.

“ಹ್ಞೂ ಅಜ್ಜಿ, ಈಗ ಇಡು.”