ಬೆನ್ಗಿವಿ

ಮೂವತ್ತೆಂಟನೆಯ ಚೆಂಡು ಎಸೆದು ಹಿಂದಿರುಗುತ್ತಿದ್ದ ಚೆಲುವಿಯ ಮಣಿಕಟ್ಟಿನ ದೀಪ ಹಸಿರಿನಿಂದ ಹಳದಿಗೆ ತಿರುಗಿತು.

"ಸಾಕು, ಇವತ್ತಿಗೆ ಮುಗೀತು," ಎಂದರು ಕೋಚ್ ಸಿಂಚನಾ.

"ಇನ್ನೊಂದೇ ಓವರ್ ಮೇಡಂ, ಈಗ ತಾನೇ ಸ್ವಿಂಗ್ ಆಗ್ತಿದೆ."

"ಬೆನ್ಗಿವಿ ಬೇಡ ಅಂದ್ರೆ ಬೇಡ."

2052ರ ಹೊತ್ತಿಗೆ ಮೈಸೂರಿನ ಆ ಅಕಾಡೆಮಿಯಲ್ಲಿ ಬೆನ್ಗಿವಿಯಿಲ್ಲದೆ ಯಾವ ವೇಗದ ಬೌಲರೂ ಚೆಂಡು ಮುಟ್ಟುತ್ತಿರಲಿಲ್ಲ. ಸೊಂಟದ ಹಿಂಬದಿಯ ಚರ್ಮಕ್ಕೆ ಅಂಟಿಸುವ, ವೀಳ್ಯದೆಲೆಯಷ್ಟು ತೆಳ್ಳನೆಯ ಪಟ್ಟಿ ಅದು. ಬೌಲರ್ ಮುಂಗಾಲು ಊರಿ ಮೈ ತಿರುಚಿದಾಗಲೆಲ್ಲ ಬೆನ್ನೆಲುಬಿನ ತಳಭಾಗಕ್ಕೆ ಅವಳ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಮೂಳೆಯಲ್ಲಿ ಕೂದಲಿಗಿಂತ ಸಣ್ಣ ಬಿರುಕುಗಳು ಮೂಡುತ್ತವೆ. ವಿಶ್ರಾಂತಿ ಸಿಕ್ಕರೆ ದೇಹವೇ ಅವನ್ನು ಬೆಸೆಯುತ್ತದೆ. ಸಿಗದಿದ್ದರೆ ಬಿರುಕುಗಳು ಕೂಡಿಕೊಂಡು ಮೂಳೆಯೇ ಸೀಳುತ್ತದೆ. ಬಿರುಕು ಮೂಡುವಾಗ ಹೊರಡುವ, ಮನುಷ್ಯರ ಕಿವಿಗೆ ನಿಲುಕದ ಸದ್ದನ್ನು ಆ ಪಟ್ಟಿ ಆಲಿಸಿ, ಇನ್ನೆಷ್ಟು ಚೆಂಡು ಎಸೆಯಬಹುದೆಂದು ಮಣಿಕಟ್ಟಿನ ದೀಪದ ಮೂಲಕ ತಿಳಿಸುತ್ತಿತ್ತು.

ಅದನ್ನು ಕಂಡುಹಿಡಿದ ಡಾ. ವಹೀದಾ ಒಂದು ಕಾಲದಲ್ಲಿ ಸಿಂಚನಾ ಆಡುತ್ತಿದ್ದ ತಂಡದ ನಾಯಕಿ. ಸಿಂಚನಾ ಆಗ ತಂಡದ ಅತಿ ವೇಗದ ಬೌಲರ್. ಹತ್ತೊಂಬತ್ತಕ್ಕೇ ಬೆನ್ನುಮೂಳೆ ಸೀಳಿ ಅವರ ಆಟ ನಿಂತುಹೋಗಿತ್ತು. ನಲವತ್ತೈದು ದಾಟಿದ ಈಗಲೂ ಕೂರದೆ ಅವರಿಗೆ ಶೂ ಲೇಸು ಕಟ್ಟಲು ಆಗುತ್ತಿರಲಿಲ್ಲ.

ಹದಿನೇಳರ ಚೆಲುವಿಯೋ, ಅಭ್ಯಾಸ ಮುಗಿದೊಡನೆ ಹುಲ್ಲಿನ ಮೇಲೆ ಬೋರಲು ಬಿದ್ದು ಗೆಳತಿಯರೊಡನೆ ನಗುತ್ತಿದ್ದಳು. ಅವಳ ಮೈಯನ್ನು ಒಂದು ಯಂತ್ರ ಹಗಲಿಡೀ ಕಾಯುತ್ತಿತ್ತು. ಅದೊಂದು ದೊಡ್ಡ ಭಾಗ್ಯವೆಂಬ ಅರಿವೂ ಅವಳಿಗಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ಸಿಂಚನಾ ಬೆನ್ನು ತಿರುಗಿಸಿ ಅಲ್ಲಿಂದ ಹೊರಟುಬಿಡುತ್ತಿದ್ದರು.

ಒಂದು ದಿನ ನೆಟ್ಸ್ ನೋಡಲು ಬಂದ ವಹೀದಾ, "ಅಬ್ಬಾ! ನಿನಗಿಂತ ಚೆನ್ನಾಗಿ ಓಡಿ ಬರ್ತಾಳೆ ಕಣೇ ಸಿಂಚು," ಎಂದರು.

"ಮುರಿಯೋ ಭಯ ಇಲ್ದಿದ್ರೆ ಯಾರು ಬೇಕಾದ್ರೂ ಓಡ್ತಾರೆ."

ವಹೀದಾ ತಮಾಷೆಯೆಂದುಕೊಂಡು ನಕ್ಕರು.

ಪ್ರತಿಯೊಬ್ಬ ಬೌಲರಿಗೂ ಮಿತಿ ನಿಗದಿ ಮಾಡುವ ಅಧಿಕಾರ ಕೋಚ್‌ಗಿತ್ತು. ಮರುದಿನ ಬೆಳಿಗ್ಗೆ ಸಿಂಚನಾ ಚೆಲುವಿಯ ಮಿತಿಯನ್ನು ಸಡಿಲಿಸಿದರು. ಹುಡುಗಿಯ ಬೆನ್ನು ಮುರಿಯಲಿ ಎಂದೇನೂ ಅಲ್ಲ. ನೋವೆಂದರೇನೆಂದು ಅವಳಿಗೂ ಸ್ವಲ್ಪ ತಿಳಿಯಲಿ, ಅಷ್ಟೇ ಎಂದು ತಮಗೆ ತಾವೇ ಹೇಳಿಕೊಂಡರು. ಅಂದಿನಿಂದ ಮೂರು ವಾರ ದೀಪ ಹಸಿರಾಗಿಯೇ ಉಳಿಯಿತು. ಚೆಲುವಿ ದಿನಕ್ಕೆ ಎಪ್ಪತ್ತು, ಎಂಬತ್ತು ಚೆಂಡು ಎಸೆದಳು. "ಮೇಡಂ, ನಾನು ಗಟ್ಟಿ ಆಗ್ತಿದೀನಿ ಅಲ್ವಾ?" ಎಂದು ಕೇಳಿದಾಗ ಸಿಂಚನಾ ಅವಳ ಕೈಗೆ ಇನ್ನೊಂದು ಚೆಂಡು ಕೊಟ್ಟರು.

ಧಾರವಾಡದ ತಂಡದೆದುರು ಮೂರು ದಿನದ ಪಂದ್ಯ. ಎರಡನೆಯ ದಿನ, ತನ್ನ ಹದಿನೆಂಟನೆಯ ಓವರಿನ ನಡುವೆ ಚೆಲುವಿ ಸೊಂಟದ ಎಡಕ್ಕೆ ಹೆಬ್ಬೆರಳು ಒತ್ತಿಕೊಂಡಳು. ಒಂದೇ ಒಂದು ಕ್ಷಣ. ಪ್ರೇಕ್ಷಕರಾಗಲಿ ಅಂಪೈರಾಗಲಿ ಗಮನಿಸಲಿಲ್ಲ. ಹೆಬ್ಬೆರಳು ಅಲ್ಲಿಗೆ ಏಕೆ ಹೋಗುತ್ತದೆಂದು ಸಿಂಚನಾ ಅವರಿಗೆ ಗೊತ್ತಿತ್ತು. ಎಷ್ಟೋ ವರ್ಷಗಳಿಂದ ಓಡದಿದ್ದ ಅವರು ಬೌಂಡರಿ ಗೆರೆ ದಾಟಿ ಮೈದಾನದೊಳಕ್ಕೆ ಓಡಿದರು.

"ಎಸೀಬೇಡ! ಚೆಂಡು ಕೊಡು ಇಲ್ಲಿ!"

"ಮೇಡಂ, ದೀಪ ಇನ್ನೂ ಹಸಿರೇ ಇದೆ."

"ಕೊಡು ಅಂದೆ!"

ಸ್ಕ್ಯಾನ್‌ನಲ್ಲಿ ಬಿರುಕು ಕಾಣಿಸಿತು. ಮೂಳೆ ಪೂರ್ತಿ ಸೀಳಿರಲಿಲ್ಲ. ಐದು ತಿಂಗಳು ಚೆಂಡು ಮುಟ್ಟುವಂತಿಲ್ಲ ಎಂದರು ವೈದ್ಯರು. ಆಸ್ಪತ್ರೆಗೆ ಧಾವಿಸಿದ ವಹೀದಾ ಹಾಸಿಗೆಯ ಪಕ್ಕದಲ್ಲೇ ನಿಂತು ಪಟ್ಟಿಯ ದಾಖಲೆ ತೆರೆದು ನೋಡಿದರು.

"ಇದರ ಮಿತಿ ಯಾರು ಏರಿಸಿದ್ದು?"

"ನಾನು," ಎಂದರು ಸಿಂಚನಾ.

"ಕೈತಪ್ಪಿ ಆಯ್ತಾ?"

"ಇಲ್ಲ, ಬೇಕಂತಲೇ. ನನಗೆ ಹೊಟ್ಟೆಕಿಚ್ಚು ವಹೀದಾ. ಇವಳನ್ನ ಕಾಯೋಕೆ ನೀನು ಇಷ್ಟೆಲ್ಲ ಮಾಡಿದ್ದೀಯ. ಅದು ನನಗೆ ಸಹಿಸೋಕಾಗ್ಲಿಲ್ಲ."

ಗೋಡೆಯ ಕಡೆ ಮುಖ ಮಾಡಿದ್ದ ಚೆಲುವಿ ತಿರುಗದೆಯೇ ಹೇಳಿದಳು. "ಎರಡು ವಾರದಿಂದ ನೋಯ್ತಿತ್ತು. ದೀಪ ಹಸಿರಿತ್ತಲ್ಲ, ಅದಕ್ಕೇ ನಂಗೆ ಸುಮ್ನೆ ಹಂಗನ್ನಿಸ್ತಿದೆ ಅಂದ್ಕೊಂಡೆ."

ವಹೀದಾ ತೆರೆದಿದ್ದ ದಾಖಲೆಯನ್ನು ಮುಚ್ಚಿದರು. ಗೆಳತಿ ಒಪ್ಪಿಕೊಂಡ ತಪ್ಪಿಗಿಂತ ಆ ಮಾತೇ ಅವರನ್ನು ಹೆಚ್ಚು ಕಲಕಿತು. ನೋವು ಹುಡುಗಿಯದು, ಅದನ್ನು ನಂಬಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವಳು ಯಂತ್ರಕ್ಕೆ ಬಿಟ್ಟಿದ್ದಳು.

ಸಿಂಚನಾ ಅವರನ್ನು ಎರಡು ವರ್ಷ ತರಬೇತಿಯಿಂದ ದೂರ ಇಡಲಾಯಿತು. ಚೆಲುವಿ ಗುಣವಾಗಿ ಮತ್ತೆ ಆಡಿದಳು, ಆದರೆ ಅವರೊಡನೆ ಮಾತು ಬಿಟ್ಟಳು. ವಹೀದಾ ಬೆನ್ಗಿವಿಯನ್ನು ಬದಲಾಯಿಸಿದರು: ಪ್ರತಿ ಓವರಿಗೂ ಮುಂಚೆ ಅದು ಬೌಲರಿಗೆ ನೋವಿದೆಯೇ ಎಂದು ಕೇಳುತ್ತಿತ್ತು. ಇದೆ ಎಂದರೆ ದೀಪ ಹಸಿರಾಗುತ್ತಲೇ ಇರಲಿಲ್ಲ.

ಅದನ್ನು ತೋರಿಸಲು ವಹೀದಾ ಒಂದು ಸಂಜೆ ಸಿಂಚನಾ ಅವರ ಮನೆಗೆ ಬಂದರು. ಪಟ್ಟಿಯನ್ನು ಮೇಜಿನ ಮೇಲಿಟ್ಟು, ಕೊಟ್ಟ ಕಾಫಿಯನ್ನೂ ಮುಟ್ಟದೆ ಕುಳಿತಿದ್ದರು.

"2026ರಲ್ಲಿ ಆ ಕೊನೇ ಪಂದ್ಯದಲ್ಲಿ ನೀನು ನಲವತ್ತೊಂದು ಓವರ್ ಹಾಕಿದ್ದೆ," ಎಂದರು. "ಪ್ರತಿ ಸಲ ಚೆಂಡು ನಿನ್ನ ಕೈಗೆ ಕೊಟ್ಟವಳು ನಾನೇ. ನೋಯ್ತಿದೆಯಾ ಅಂತ ಒಂದು ಸಲವೂ ಕೇಳ್ಲಿಲ್ಲ."

"ಕೇಳಿದ್ರೆ ಹೇಳ್ತಿದ್ದೆ," ಎಂದರು ಸಿಂಚನಾ.